ಕಾರ್ಡಿನ ಮೇಲಿನ ಬೆರಳು

ಮಂಜುಗಡ್ಡೆಯನ್ನು ಪುಡಿ ಮಾಡಿ, ನೀರು ಬೆರೆಸಿ, ಫ್ಲಾಸ್ಕಿಗೆ ತುಂಬಿ, ಅದರೊಳಗೆ ಥರ್ಮಾಮೀಟರನ್ನು ನೇರವಾಗಿ ನಿಲ್ಲಿಸಿ ಹತ್ತು ನಿಮಿಷ ಕಾಯುವುದು ಅಳತೆ ಉಪಕರಣಗಳ ಪರೀಕ್ಷಾಲಯದಲ್ಲಿ ಅವಳ ದಿನದ ಮೊದಲ ಕೆಲಸ. ಹನ್ನೊಂದು ವರ್ಷಗಳಿಂದ ಹೀಗೆಯೇ. ಕರಗುತ್ತಿರುವ ಮಂಜು ಸೊನ್ನೆಯಲ್ಲೇ ಇರುತ್ತದೆ, ಅದಕ್ಕೆ ಯಾರ ಮುಲಾಜೂ ಇಲ್ಲ. ಥರ್ಮಾಮೀಟರು ಸೊನ್ನೆ ತೋರಿಸದಿದ್ದರೆ ತಪ್ಪು ಥರ್ಮಾಮೀಟರಿನದು. ಬೆಳಗಿನ ಹೊತ್ತು ಈ ಒಂದು ಸಂಗತಿ ಅವಳಿಗೆ ಎಷ್ಟೋ ಧೈರ್ಯ ಕೊಡುತ್ತಿತ್ತು. ಈ ಗುರುವಾರ ಕೊಡಲಿಲ್ಲ. ಭೂತಗನ್ನಡಿ ಹಿಡಿದು ಪಾದರಸದ ತುದಿಯನ್ನು ನೋಡುತ್ತಿದ್ದವಳಿಗೆ ಅಲ್ಲಿ ಕಂಡದ್ದು ಒಂದು ಬೆರಳು. ಉಗುರನ್ನು ಒಪ್ಪವಾಗಿ ಕತ್ತರಿಸಿದ, ಗೆಣ್ಣಿನ ಹತ್ತಿರ ಸುಕ್ಕುಗಟ್ಟಿದ, ಒಂದು ಕಾರ್ಡಿನ ಅಂಚಿನ ಮೇಲೆ ಕೂತ ತೋರುಬೆರಳು. ಅದು ಅವಳ ಅತ್ತೆಯ ಬೆರಳು. ಕೂತಿತ್ತೋ, ಕೂದಲೆಳೆಯಷ್ಟು ಮೇಲೆ ನಿಂತಿತ್ತೋ? ಅವಳು ನಿಂತಿದ್ದದ್ದು ಅತ್ತೆಯ ಬಲಭುಜದ ಹಿಂದೆ, ಮೇಲಿನಿಂದ ನೋಡುತ್ತ. ಕಣ್ಣು ಪಾದರಸದ ಮಟ್ಟಕ್ಕೆ ಸರಿಯಾಗಿರಬೇಕು, ಮೇಲಿನಿಂದ ನೋಡಿದರೆ ಒಂದು ಸಂಖ್ಯೆ, ಕೆಳಗಿನಿಂದ ನೋಡಿದರೆ ಇನ್ನೊಂದು ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ಭಾನುವಾರ ಕಾರ್ಡಿನಾಟದ ಪಂದ್ಯದಲ್ಲಿ ತಾನೇ ಮೇಲಿನಿಂದ ನೋಡಿ ತೀರ್ಪು ಕೊಟ್ಟು ಬಂದಿದ್ದಳು.

ಕೈಚೀಲದಲ್ಲಿ ನಾಲ್ಕು ಮಡಿಕೆಯ ಒಂದು ಫಾರಂ ಇತ್ತು. ಇವತ್ತು ಸಂಜೆ ಐದರೊಳಗೆ ಅದನ್ನು ತುಂಬಿ ಮುಖ್ಯ ತೀರ್ಪುಗಾರರಿಗೆ ಕೊಡಬೇಕು. ಅದರಲ್ಲಿ ಮೂರೇ ಚೌಕ. ಮೊದಲನೆಯದು, ನೀವು ಕಂಡದ್ದೇನು. ಎರಡನೆಯದು, ಆಟಗಾರರನ್ನು ಕೇಳಿದಾಗ ಅವರು ಹೇಳಿದ್ದೇನು. ಮೂರನೆಯದು, ನಿಮ್ಮ ತೀರ್ಪೇನು. ಮೊದಲನೆಯದನ್ನೂ ಮೂರನೆಯದನ್ನೂ ಸೋಮವಾರವೇ ತುಂಬಿಬಿಟ್ಟಿದ್ದಳು. ನಡುವಿನದು ಖಾಲಿ. ಯಾಕೆಂದರೆ ಅವಳು ಕೇಳಿರಲಿಲ್ಲ.

ಅತ್ತೆ ಈ ಕಾರ್ಡಿನಾಟಕ್ಕೆ ಬಿದ್ದದ್ದು ಅರವತ್ತರ ಮೇಲೆ. ಮೊಮ್ಮಗಳಿಗೆ ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟ ಪೆಟ್ಟಿಗೆ. ಮೊಮ್ಮಗಳು ಎರಡು ವಾರದಲ್ಲಿ ಬೇಸತ್ತು ಎಸೆದಳು, ಅಜ್ಜಿ ಎತ್ತಿಕೊಂಡಳು. ದೈತ್ಯರು, ತೋಳಗಳು, ಮಾತಾಡುವ ಮರಗಳು, ಮಂತ್ರಗಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿದ್ದ ಹೆಂಗಸು. ನೂರಾರು ತಂತಿಗಳಲ್ಲಿ ಯಾವುದು ಯಾರಿಗೆ ಎಂದು ತಲೆಯಲ್ಲೇ ಇಟ್ಟುಕೊಂಡು ಅಭ್ಯಾಸವಿದ್ದವಳಿಗೆ ನಾನೂರು ಕಾರ್ಡುಗಳ ಗುಣ ನೆನಪಿಡುವುದು ಯಾವ ಲೆಕ್ಕ. "ಅಮ್ಮನಿಗೆ ಅರಳುಮರಳು," ಎಂದು ಮಗ ನಕ್ಕ. ಅದಾದ ಮೂರು ತಿಂಗಳಿಗೆ ಅಮ್ಮ ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಪ್ರತಿ ಭಾನುವಾರ ಎಂಜಿನಿಯರುಗಳನ್ನೂ ವಕೀಲರನ್ನೂ ಮಣ್ಣುಮುಕ್ಕಿಸಿ ಮನೆಗೆ ಬರತೊಡಗಿದಾಗ ಸುಮ್ಮನಾದ. ಮೆಟ್ಟಿಲು ಕಡಿದಾಗಿದ್ದ ಕಾರಣ ಸೊಸೆ ಜೊತೆಗೆ ಹೋಗುತ್ತಿದ್ದಳು. ಕಾಯುವಾಗ ಮಾಡಲು ಬೇರೇನೂ ಇಲ್ಲದೆ ನಿಯಮದ ಪುಸ್ತಕ ಓದಿದಳು, ಒಂದು ಪ್ರಯೋಗದ ವಿಧಾನವನ್ನು ಓದುವಂತೆ, ಅಡಿಗೆರೆ ಹಾಕಿ. ಒಂದು ವರ್ಷದಲ್ಲಿ, ಜಗಳ ಬಂದಾಗಲೆಲ್ಲ ಜನ ಆ ಮೂಲೆಯ ಕುರ್ಚಿಯ ಕಡೆ ತಿರುಗುವಂತಾಯಿತು. ಗಡಿಯಾರ ರಿಪೇರಿಯವರು, ಅವರೇ ಮುಖ್ಯ ತೀರ್ಪುಗಾರರು, ಅವಳ ಕೊರಳಿಗೆ ತೀರ್ಪುಗಾರರ ಪಟ್ಟಿ ಹಾಕಿ, "ಇನ್ಮೇಲೆ ನೀವೂ ನಮ್ಮೋರು," ಎಂದರು. ಆ ದಿನ ಬಸ್ಸಿನಲ್ಲಿ ಅತ್ತೆ, ಕಿಟಕಿಯ ಆಚೆ ನೋಡುತ್ತ, "ನಾನು ಆಡೋವಾಗ ನನ್ನ ಮೇಜಿಗೆ ಬರಬೇಡ," ಎಂದಿದ್ದರು. ಅದು ಹೆಮ್ಮೆಯೋ ಎಚ್ಚರಿಕೆಯೋ ಅವಳಿಗೆ ಗೊತ್ತಾಗಲಿಲ್ಲ. ಅತ್ತೆ ಹೇಳಿದ್ದು ಯಾವುದು ಏನೆಂದು ಅವಳಿಗೆ ಎಂದಾದರೂ ಗೊತ್ತಾಗಿತ್ತೇ?

ಭಾನುವಾರ ಬೇರೆ ತೀರ್ಪುಗಾರರಿಬ್ಬರೂ ಇನ್ನೊಂದು ಮೇಜಿನ ಜಗಳದಲ್ಲಿ ಸಿಕ್ಕಿಕೊಂಡಿದ್ದರು. ಸೆಮಿಫೈನಲ್. ಅತ್ತೆಯ ಎದುರು ಹಲ್ಲಿನ ಡಾಕ್ಟರು.

ಆ ಮಂತ್ರದ ಕಾರ್ಡಿನ ಹೆಸರು ಎರಡನೇ ಉಸಿರು. ಅದು ಕೆಲಸ ಮಾಡುವುದು ಮೂರು ಹೆಜ್ಜೆಯಲ್ಲಿ. ನಿಮ್ಮ ಜೀವಿಯೊಂದು ಸತ್ತ ಕೂಡಲೆ ನೀವು ಮಂತ್ರದ ಹೆಸರು ಹೇಳುತ್ತೀರಿ. ಇದು ಮೊದಲ ಹೆಜ್ಜೆ. ಆಮೇಲೆ ನಿಮ್ಮದೇ ಇನ್ನೊಂದು ಜೀವಿಯನ್ನು, ಜೀವಂತ ಇರುವುದನ್ನು, ಮೇಜಿನ ಅಂಚಿನ ಹಳ್ಳ ಎಂಬ ಜಾಗಕ್ಕೆ ಒಪ್ಪಿಸುತ್ತೀರಿ, ಇದು ಎರಡನೆಯದು. ಆಗ ಸತ್ತದ್ದು, ಆ ಸರದಿಯ ಆರಂಭದಲ್ಲಿ ಹೇಗಿತ್ತೋ ಹಾಗೆಯೇ, ಒಂದು ಗಾಯವೂ ಇಲ್ಲದೆ ಎದ್ದು ನಿಲ್ಲುತ್ತದೆ, ಇದು ಮೂರನೆಯದು. ಹಳ್ಳಕ್ಕೆ ಹೋದದ್ದು ಮಾತ್ರ ಆ ಆಟದಲ್ಲಿ ಯಾವ ಮಂತ್ರಕ್ಕೂ ಓಗೊಡುವುದಿಲ್ಲ. ಎದುರಾಳಿಯ ಕೈಯಲ್ಲಿ ಮೌನ ಎಂಬ ಕಾರ್ಡು ಇದ್ದರೆ ಅವನು ನಡುವೆ ಬಾಯಿಹಾಕಿ ನಿಮ್ಮ ಮಂತ್ರವನ್ನು ಕೆಡಿಸಬಹುದು. ಎರಡನೇ ಹೆಜ್ಜೆಗೆ ಮುಂಚೆ ಕೆಡಿಸಿದರೆ ಮಂತ್ರ ಮಾತ್ರ ಹೋಯಿತು, ಕೊಡಬೇಕೆಂದಿದ್ದ ಜೀವಿ ಉಳಿಯಿತು. ಎರಡನೇ ಹೆಜ್ಜೆಯ ನಂತರ ಕೆಡಿಸಿದರೆ ಸತ್ತದ್ದೂ ಏಳುವುದಿಲ್ಲ, ಕೊಟ್ಟದ್ದೂ ಬರುವುದಿಲ್ಲ. ಹಾಗಾದರೆ ಕೊಟ್ಟಂತಾಗುವುದು ಯಾವಾಗ? ಕೈ ಬಿಟ್ಟಾಗ. ಕೈ ಇನ್ನೂ ಕಾರ್ಡಿನ ಮೇಲೇ ಇದ್ದರೆ? ಇಲ್ಲಿ ನಿಯಮದ ಪುಸ್ತಕ, ಮಿಕ್ಕೆಲ್ಲ ಕಡೆ ಮೊಳೆ ಹೊಡೆದಂತೆ ಮಾತಾಡುವ ಪುಸ್ತಕ, ಯಾಕೋ ಮೆತ್ತಗಾಗಿತ್ತು: ಕೊಟ್ಟಾಯಿತೇ ಎಂದು ಆಟಗಾರರನ್ನೇ ಕೇಳತಕ್ಕದ್ದು, ಅವರ ಮಾತೇ ಕೊನೆ, ಕೇಳದೆ ಕೊಟ್ಟ ತೀರ್ಪು ತೀರ್ಪಲ್ಲ, ಪಂದ್ಯವನ್ನು ಮೊದಲಿನಿಂದ ಆಡಿಸತಕ್ಕದ್ದು. ಸೋಲು ಕಣ್ಣೆದುರಿಗಿರುವವನನ್ನು ಕೇಳಿದರೆ ಯಾರು ತಾನೇ ಕೊಟ್ಟಾಯಿತು ಎನ್ನುತ್ತಾರೆ ಎಂದು ಮೊದಲ ಸಲ ಓದಿದಾಗ ನಕ್ಕಿದ್ದಳು. ಆದರೆ ಹಾಲ್‌ನಲ್ಲಿ ನೋಡಿದ್ದಳು. ಜನ ಹೇಳುತ್ತಿದ್ದರು. ಮುಖ ಕೆಂಪಗೆ ಮಾಡಿಕೊಂಡಾದರೂ, "ಕೊಟ್ಟಿದ್ದೆ," ಎಂದೇ ಹೇಳುತ್ತಿದ್ದರು.

ಅತ್ತೆಯ ಗೋಡೆ ಕಾಯುವ ದೈತ್ಯ ಸತ್ತಿದ್ದ. ಅತ್ತೆ, "ಎರಡನೇ ಉಸಿರು," ಎಂದರು. ದೀಪ ಹಿಡಿದವಳು ಎಂಬ ಕಾರ್ಡನ್ನು ತೋರುಬೆರಳಿನಿಂದ ನಿಧಾನಕ್ಕೆ ತಳ್ಳಿ ಹಳ್ಳದ ಗೆರೆ ದಾಟಿಸಿದರು. ಬೆರಳು ಅಲ್ಲೇ ನಿಂತಿತು. ಡಾಕ್ಟರು, "ಮೌನ," ಎಂದರು. ಆಮೇಲೆ ಅವರೇ ಗೊಂದಲಕ್ಕೆ ಬಿದ್ದು, "ಕೊಟ್ಟಾಗಿತ್ತಲ್ವಾ? ಅಥವಾ ಇನ್ನೂ... ಮೇಡಂ, ಸ್ವಲ್ಪ ನೋಡಿ," ಎಂದು ಕೈ ಎತ್ತಿದರು. ಅವಳು ಎರಡು ಹೆಜ್ಜೆ ಮುಂದೆ ಬಂದು ಕೊರಳಿನ ಪಟ್ಟಿಯನ್ನು ಸರಿಮಾಡಿಕೊಂಡು, "ಕೊಟ್ಟಾಗಿದೆ. ದೀಪ ಹಿಡಿದವಳು ಹಳ್ಳದಲ್ಲೇ ಇರ್ತಾಳೆ," ಎಂದಳು. ಧ್ವನಿ ತನ್ನದಲ್ಲವೆನ್ನುವಷ್ಟು ಸ್ಪಷ್ಟವಾಗಿತ್ತು. ಅತ್ತೆ ತಲೆ ಎತ್ತಲಿಲ್ಲ. "ಸರಿ," ಎಂದರು. ಇನ್ನು ಮೂರು ಸರದಿಗೆ ಪಂದ್ಯ ಮುಗಿಯಿತು. ಕಾರ್ಡುಗಳನ್ನು ಕೂಡಿಸಿಕೊಳ್ಳುವಾಗ ಒಂದು ಜಾರಿ ಮೇಜಿನ ಕೆಳಗೆ ಬಿತ್ತು. ಡಾಕ್ಟರು ಮಂಡಿಯೂರಿ ಹುಡುಕಿ ಎತ್ತಿಕೊಟ್ಟರು. ಅವಳು ನಿಂತೇ ಇದ್ದಳು. ತೀರ್ಪುಗಾರರು ಆಟಗಾರರ ಕಾರ್ಡು ಮುಟ್ಟಬಾರದು ಎಂಬ ನಿಯಮವಿದೆ, ನಿಜ. ಆದರೆ ಪಂದ್ಯ ಮುಗಿದ ಮೇಲೆ ಆ ನಿಯಮ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಏನೇ, ಆ ಥರ್ಮಾಮೀಟರಿಗೆ ಕಣ್ಣು ಬೀಳುತ್ತೆ, ಅಷ್ಟು ಹೊತ್ತು ನೋಡ್ಬೇಡ," ಎಂದಳು ಪಕ್ಕದ ಮೇಜಿನವಳು. ಅವಳದು ತೂಕದ ಬಟ್ಟುಗಳ ವಿಭಾಗ. ಎದ್ದು ಬಂದು ಹೆಗಲ ಮೇಲಿನಿಂದ ನೋಂದಣಿ ಪುಸ್ತಕಕ್ಕೆ ಕಣ್ಣು ಹಾಯಿಸಿ ತಡೆದಳು. "ಇದೇನಿದು, ಸೊನ್ನೆಗಿಂತ ಮೂರು ಗೆರೆ ಮೇಲೆ ಅಂತ ಬರ್ದು, ತಿದ್ದುಪಡಿ ಕಾಲಮ್ಮಿನಲ್ಲೂ ಮೂರು ಕೂಡಿಸಬೇಕು ಅಂತ ಬರ್ದಿದ್ದೀಯ? ಹೆಚ್ಚು ತೋರಿಸೋದಕ್ಕೆ ಇನ್ನೂ ಹೆಚ್ಚಿಸ್ತಾರಾ? ಕಳೀಬೇಕು ತಾಯಿ."

ಅವಳ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷದಲ್ಲಿ ಮಾಡದ ತಪ್ಪು. ಒಂದೇ ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ, ವೇಳೆ ಹಾಕಿದಳು. ಇಲ್ಲಿ ಯಾವುದನ್ನೂ ಅಳಿಸುವಂತಿಲ್ಲ; ತಪ್ಪು ಓದುವ ಹಾಗೆ ಉಳಿಯಬೇಕು, ಸರಿ ಅದರ ಪಕ್ಕದಲ್ಲಿ ಇರಬೇಕು, ಎರಡನ್ನೂ ಬರೆದ ಗಳಿಗೆ ಗೊತ್ತಿರಬೇಕು. "ಮನೇಲಿ ಏನಾದ್ರೂ?" ಎಂದಳು ಪಕ್ಕದ ಮೇಜಿನವಳು, ಸಣ್ಣ ದನಿಯಲ್ಲಿ. "ಏನಿಲ್ಲ, ಅತ್ತೆ ಪಂದ್ಯ ಸೋತ್ರು." "ಅಯ್ಯೋ, ಅದಕ್ಕೆ ಈ ಮುಖಾನಾ? ನಮ್ಮತ್ತೆ ಒಂದು ದಿನ ಏನಾದ್ರೂ ಸೋತಿದ್ರೆ ನಾನು ಆಫೀಸಿಗೆಲ್ಲ ಸಿಹಿ ಹಂಚ್ತಿದ್ದೆ."

ಅವಳೂ ನಕ್ಕಳು. ನಗುತ್ತಿರುವಾಗಲೇ ಒಳಗೆ ಏನೋ ಕಳಚಿದಂತಾಯಿತು. ಹೆಚ್ಚು ತೋರಿಸುವುದಕ್ಕೆ ಇನ್ನೂ ಹೆಚ್ಚಿಸುವುದು. ಭಾನುವಾರ ಆಗಿದ್ದು ಅದೇ ಏನು? ತಾನು ಸೊಸೆ, ಅತ್ತೆಯ ಕಡೆಗೆ ವಾಲುವ ಉಪಕರಣ, ಆದ್ದರಿಂದ ಅಷ್ಟನ್ನು ಕಳೆದು ಎದುರಾಳಿಯ ಪರವಾಗಿ ಹೇಳಿದರೆ ಸರಿಯಾದ ಓದು ಬರುತ್ತದೆ ಎಂದು, ಅರೆಗಳಿಗೆಯಲ್ಲಿ, ಯೋಚನೆ ಎಂದು ಕರೆಯಲಾಗದ ಯೋಚನೆಯಲ್ಲಿ ಲೆಕ್ಕ ಹಾಕಿದ್ದಳು. ಅಡುಗೆಮನೆಯ ಮೇಜಿನಲ್ಲಿ ಇಬ್ಬರೂ ಅಭ್ಯಾಸಕ್ಕೆ ಆಡುವಾಗ ಅತ್ತೆ ಹೀಗೆಯೇ ಕಾರ್ಡು ತಳ್ಳಿ ಬೆರಳಿಟ್ಟು ಯೋಚಿಸುತ್ತಿದ್ದರು. "ತಾಳು, ಇನ್ನೂ ಕೊಟ್ಟಿಲ್ಲ," ಎಂದು ಎಷ್ಟೋ ಸಲ ಹಿಂದಕ್ಕೆ ಎಳೆದುಕೊಂಡಿದ್ದರು. ಮನೆಯ ಆ ತಿಳಿವಳಿಕೆ ಕೊಟ್ಟಿಲ್ಲ ಎನ್ನುತ್ತಿತ್ತು. ಅದನ್ನು ಹಾಲ್‌ನಲ್ಲಿ ಬಳಸಬಾರದೆಂದೇ ಅದಕ್ಕೆ ಉಲ್ಟಾ ಹೇಳಿದಳು. ಆದರೆ ತಾನು ವಾಲುವುದು ಅತ್ತೆಯ ಕಡೆಗೇ ಎಂದು ಯಾವ ಮಂಜಿನಲ್ಲಿ ಇಟ್ಟು ನೋಡಿದ್ದಳು? ಒಂದು ವೇಳೆ ಅವಳ ಸೊನ್ನೆ ಮೊದಲಿನಿಂದಲೂ ಆಚೆ ಕಡೆಗೇ ಸರಿದಿದ್ದರೆ? ಮದುವೆಯಾದ ಹೊಸತರಲ್ಲಿ ನೆಂಟರ ಮುಂದೆ ಅತ್ತೆ, "ಇವಳಿಗೆ ಓದಿದ್ದೆಲ್ಲ ಗೊತ್ತು, ಕಂಡಿದ್ದು ಮಾತ್ರ ಕಾಣಲ್ಲ," ಎಂದಾಗ ಎಲ್ಲರೂ ನಕ್ಕಿದ್ದರು. ಅತ್ತೆಯೂ ಪ್ರೀತಿಯಿಂದಲೇ ನಕ್ಕಿದ್ದರೇನೋ. ಆ ನಗು ಎಲ್ಲೋ ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆಯಂತೆ ಕೂತಿದ್ದರೆ, ಹದಿನೇಳು ವರ್ಷ ಕಾದು, ಒಂದು ಭಾನುವಾರ ಬಾಯಿಂದ ಕೊಟ್ಟಾಗಿದೆ ಎಂದು ಹೊರಬಿದ್ದಿದ್ದರೆ? ಕೇಳಿದ್ದರೆ ಈ ಯಾವುದೂ ಬೇಕಿರಲಿಲ್ಲ. ಒಂದೇ ಪದ, ಕೊಟ್ಟಾಯಿತೇ. ಬೇರೆ ಯಾರಾಗಿದ್ದರೂ ಕೇಳುತ್ತಿದ್ದಳು. ಆ ಡಾಕ್ಟರನ್ನೇ ಎಷ್ಟು ಸಲ ಕೇಳಿಲ್ಲ. ಅತ್ತೆಯನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವರ ಉತ್ತರವನ್ನು ನಂಬಬೇಕಾಗುತ್ತಿತ್ತು ಎಂದೇ?

ಮಧ್ಯಾಹ್ನ ಗಡಿಯಾರದವರ ಫೋನು ಬಂತು. ಅವರ ಹಿಂದೆ ಹತ್ತಾರು ಗಡಿಯಾರಗಳು ಒಂದೊಂದು ತಾಳಕ್ಕೆ ಒಂದೊಂದು ಹೇಳುತ್ತಿದ್ದವು. "ಅಮ್ಮಾ, ಫಾರಂ ಒಂದು ಬಾಕಿ ಇದೆ ನಿಮ್ದು. ಐದಕ್ಕೆ ಅಂಗಡಿ ಬಾಗಿಲು ಹಾಕ್ತೀನಿ. ಭಾನುವಾರ ಫೈನಲ್, ಹೆಸರು ಬರೆಸಿ ಅಂಟಿಸ್ಬೇಕು."

"ತರ್ತೀನಿ. ಒಂದು ಮಾತು ಕೇಳ್ಬೇಕಿತ್ತು. ನಡುವಿನ ಚೌಕ..."

"ಅದರಲ್ಲೇನು? ಆ ತಾಯಿ ಏನಂದ್ರೋ ಅದನ್ನ ಬರೀರಿ. ಕೊಟ್ಟಿದ್ದೆ ಅಂದ್ರೆ ಕೊಟ್ಟಿದ್ದೆ."

"ಖಾಲಿ ಬಿಟ್ರೆ?"

ಗಡಿಯಾರಗಳು ಒಂದಿಷ್ಟು ಹೊತ್ತು ತಮ್ಮಷ್ಟಕ್ಕೆ ಮಾತಾಡಿಕೊಂಡವು. "ಖಾಲಿ ಬಿಟ್ರೆ ನೀವು ಕೇಳಿಲ್ಲ ಅಂತ ಅರ್ಥ," ಎಂದರು ಅವರು, ನಿಧಾನಕ್ಕೆ. "ಪಂದ್ಯ ಹೊಸದಾಗಿ ಆಡಿಸ್ಬೇಕು. ಜನ ಏನಂತಾರೆ ಅಂತ ನಾನು ಹೇಳ್ಬೇಕಾಗಿಲ್ಲ. ಅತ್ತೆಗೆ ಇನ್ನೊಂದು ಅವಕಾಶ ಸಿಗಲಿ ಅಂತ ಸೊಸೆ ಮರೆತಳು ಅಂತಾರೆ. ನೀವು ಅಂಥೋರಲ್ಲ. ನೀವು ಕೇಳಿರ್ತೀರಿ, ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಂಡಳು. ಊಟದ ಡಬ್ಬಿ ಮುಂದಿಟ್ಟುಕೊಂಡು ಕೇಳಿದಂತೆಯೇ ನೆನಪು ಮಾಡಿಕೊಂಡಳು. ಐದು ನಿಮಿಷದಲ್ಲಿ ಆ ನೆನಪು ಎಷ್ಟು ಗಟ್ಟಿಯಾಯಿತೆಂದರೆ ಅತ್ತೆ ತಲೆಯಾಡಿಸಿದ್ದೂ ಕಂಡಿತು. ಅವರು "ಸರಿ" ಎಂದದ್ದನ್ನೇ ಉತ್ತರ ಎನ್ನಬಹುದಲ್ಲ? ಪೆನ್ನು ತೆಗೆದಳು. ಸರಿ ಎಂದದ್ದು ತೀರ್ಪಿನ ನಂತರ. ಕೇಳುವ ಮುಂಚೆ ಬಂದ ಉತ್ತರ, ನೀರಿಗೆ ಇಳಿಸುವ ಮುಂಚೆ ಬರೆದಿಟ್ಟ ತಾಪಮಾನ. ಅಂಥದ್ದನ್ನು ಒಂದು ಕಾಲದಲ್ಲಿ ಅವಳು ಸುಮಾರು ಎರಡು ವರ್ಷ ಬರೆದಿದ್ದಳು, ಗೊತ್ತಿಲ್ಲದೆ. ಸಂಶೋಧನೆಗೆ ಸೇರಿದ್ದಾಗ, ಮಗಳಿಗೆ ಒಂದು ವರ್ಷ. ದ್ರಾವಣಗಳ ಬಿಸಿಯನ್ನು ಅಳೆಯುವ ಕೆಲಸ. ಎರಡು ವರ್ಷ ತುಂಬಲು ಬಂದಾಗ ಇನ್ನೊಂದು ಪ್ರಯೋಗಾಲಯದವರು ಅದನ್ನೇ ಮಾಡಿ ನೋಡಿದರೆ ಅಂಕಿ ಕೂಡಲಿಲ್ಲ. ಕೊನೆಗೆ ಸಿಕ್ಕ ಕಾರಣ, ಅವಳ ಥರ್ಮಾಮೀಟರು ಮೂರು ಗೆರೆ ಹೆಚ್ಚು ತೋರಿಸುತ್ತಿತ್ತು. ಒಂದು ದಿನವೂ ಅದನ್ನು ಮಂಜಿನಲ್ಲಿ ಇಟ್ಟು ನೋಡಿರಲಿಲ್ಲ. ಎಷ್ಟರಿಂದ ಎಷ್ಟು ಕಳೆಯಬೇಕೆಂದು ತಿಳಿದ ಮೇಲೂ ಅವಳಿಗೆ ಮನಸ್ಸಾಗಲಿಲ್ಲ, ಬಿಟ್ಟಳು. ಬಿಟ್ಟ ವಾರವೇ ಈ ಕೆಲಸ ಸಿಕ್ಕಿತು. ಅವಳು ಸಂಶೋಧನೆಗೆ ಹೋಗಲೆಂದು ಅತ್ತೆ ಎಕ್ಸ್‌ಚೇಂಜಿನ ಕೆಲಸ ಬಿಟ್ಟು ಮಗುವನ್ನು ನೋಡಿಕೊಂಡಿದ್ದರು. ಹಣೆಯ ಮೇಲೆ ದೀಪ ಉರಿಯುವ ಬೋರ್ಡಿನ ಮುಂದೆ ಇಪ್ಪತ್ತೇಳು ವರ್ಷ ಕೂತ ಹೆಂಗಸು. ಮಂತ್ರ ಕೆಟ್ಟಿತು, ಕೊಟ್ಟದ್ದು ಹಳ್ಳದಲ್ಲೇ ಉಳಿಯಿತು. ಆ ಬಗ್ಗೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕೊಟ್ಟದ್ದು ಬರುವುದಿಲ್ಲ ಎಂಬ ನಿಯಮವನ್ನು ಅವಳು ಮೊದಲ ಸಲ ಓದಿದಾಗ ಅಡಿಗೆರೆ ಎಳೆದ ಪೆನ್ನು ಹಾಳೆಯನ್ನು ಹರಿದಿತ್ತು.

ಮೂರೂವರೆಗೆ ರಜಾಚೀಟಿ ಬರೆದಿಟ್ಟು ಹೊರಟಳು. ಬಸ್ಸಿನಲ್ಲಿ ಎದುರಿನ ಸೀಟಿನ ಹೆಂಗಸೊಬ್ಬಳು ಕಿಟಕಿಯ ಗಾಜಿಗೆ ಬೆರಳಿಟ್ಟು ಕೂತಿದ್ದಳು. ಬಸ್ಸು ಅಲುಗಿದಾಗಲೆಲ್ಲ ಗಾಜು ಅಲುಗುತ್ತಿದೆಯೋ ಬೆರಳೋ ಎಂದು ನೋಡುತ್ತ ಎರಡು ನಿಲ್ದಾಣ ದಾಟಿಹೋಗಿ, ಇಳಿದು, ಹಿಂದಕ್ಕೆ ನಡೆದಳು.

ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಒಬ್ಬರೇ ಎರಡೂ ಕಡೆಯ ಆಟ ಆಡುತ್ತಿದ್ದರು. ಕನ್ನಡಕ ಹಣೆಯ ಮೇಲೆ. ಗಡಿಯಾರದಲ್ಲಿ ನಾಲ್ಕು ಹದಿನೈದು.

"ಬೇಗ ಬಂದ್ಯಲ್ಲ. ಮಂಜೆಲ್ಲ ಕರಗಿ ಹೋಯ್ತಾ?"

"ಅತ್ತೆ, ಒಂದು ಕೇಳ್ಬೇಕು."

"ಕೇಳು. ಯಾರು ಬೇಡ ಅಂದ್ರು?"

ಕೈಚೀಲವನ್ನು ಹೆಗಲಿನಿಂದ ಇಳಿಸದೆ, ಚಪ್ಪಲಿ ಬಿಡದೆ, ಬಾಗಿಲ ಹತ್ತಿರವೇ ನಿಂತು ಕೇಳಿದಳು. "ಭಾನುವಾರ ಡಾಕ್ಟರು ಮೌನ ಅಂದಾಗ... ದೀಪ ಹಿಡಿದವಳನ್ನ ಕೊಟ್ಟಾಗಿತ್ತಾ?"

ಅತ್ತೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅವಳನ್ನು ಪೂರ್ತಿಯಾಗಿ ನೋಡಿದರು. "ನಾಲ್ಕು ದಿನ ಆಯ್ತು," ಎಂದರು. "ಕೇಳ್ತೀಯಾ ಕೇಳ್ತೀಯಾ ಅಂತ ನೋಡ್ತಾ ಇದ್ದೆ. ಚಪ್ಪಲಿ ಬಿಟ್ಟು ಬಾ."

ಬಂದು ಎದುರಿಗೆ ಕೂತಳು. ಅತ್ತೆ ಹರಡಿದ್ದ ಕಾರ್ಡುಗಳಲ್ಲಿ ದೀಪ ಹಿಡಿದವಳನ್ನು ಆರಿಸಿ, ಮೇಜಿನ ಅಂಚಿಗೆ ತಳ್ಳಿ, ಅದರ ಮೇಲೆ ಬೆರಳಿಟ್ಟರು. "ಈಗ ಹೇಳು. ಕೊಟ್ಟಿದ್ದೀನಾ?"

"ನನಗೆ ಗೊತ್ತಾಗಲ್ಲ ಅತ್ತೆ."

"ಭಾನುವಾರ ಗೊತ್ತಾಗಿತ್ತಲ್ಲ."

ಅತ್ತೆ, ಬಹಳ ಯೋಚಿಸಿದವರಂತೆ, ಬೆರಳೆತ್ತಿದರು. ಗಾಳಿಯಲ್ಲಿ ಆ ಕೈ ನಡುಗಿತು. ಜೋರಾಗಿ ಅಲ್ಲ. ಲಾರಿ ಹೋದಾಗ ನೀರಿನ ಲೋಟದಲ್ಲಿ ನೀರು ನಡುಗುವಷ್ಟು. ಬೇಗನೆ ಕೆಳಗಿಟ್ಟರು, ಮತ್ತೆ ಅದೇ ಕಾರ್ಡಿನ ಮೇಲೆ. ನಡುಕ ನಿಂತಿತು.

"ಬೇಸಿಗೆಯಿಂದ ಹೀಗೆ. ಏನಾದ್ರೂ ಮುಟ್ಕೊಂಡಿದ್ರೆ ನಿಲ್ಲುತ್ತೆ. ಮೊದಲೆಲ್ಲ ಬೆರಳಿಡ್ತಿದ್ದಿದ್ದು ಯೋಚನೆ ಮಾಡೋಕೆ. ಈಗ ಯೋಚನೆ ಮುಗಿದ ಮೇಲೂ ಇಟ್ಟಿರ್ತೀನಿ. ತೆಗೆದ್ರೆ ಕಾಣುತ್ತಲ್ಲ." ನಕ್ಕರು. "ಹಲ್ಲಿನ ಡಾಕ್ಟ್ರು ಎದುರಿಗೆ ಕೂತಿದ್ದ. ಡಾಕ್ಟ್ರು ಅಂದ್ರೆ ಡಾಕ್ಟ್ರೇ, ಕೈ ನೋಡಿದ ತಕ್ಷಣ ಬುದ್ಧಿ ಹೇಳೋಕೆ ಶುರು ಮಾಡ್ತಾನೆ. ಕೊಟ್ಟಾಗಿತ್ತು ಕಣೇ. ಅವನು ಬಾಯಿ ತೆಗೆಯೋಕೆ ಮುಂಚೆನೇ ಕೊಟ್ಟಾಗಿತ್ತು. ನಿನ್ನ ತೀರ್ಪು ಸರಿ. ಬರ್ಕೋ."

ಸರಿ. ಆ ಪದ ಅವಳೊಳಗೆ ಎಲ್ಲಿಗೂ ಹೋಗಿ ತಲುಪಲಿಲ್ಲ. ತಪ್ಪು ದಾರಿಯಲ್ಲಿ ನಡೆದು ಸರಿಯಾದ ಮನೆಯ ಬಾಗಿಲು ತಟ್ಟಿದಂತೆ; ಬಾಗಿಲು ತೆರೆದವರು ಬಾ ಎನ್ನುತ್ತಿದ್ದರೂ ಒಳಗೆ ಹೋಗಲು ಕಾಲು ಬರದು. ಬೇಸಿಗೆಯಿಂದ. ಐದು ತಿಂಗಳು, ಪ್ರತಿ ಸಂಜೆ ಈ ಮೇಜಿನ ಆ ಬದಿಗೆ ಕೂತು ಈ ಬೆರಳನ್ನು ನೋಡಿದ್ದಳು. ಒಂದು ಗೆರೆಯ ಹತ್ತನೇ ಒಂದು ಭಾಗದಷ್ಟು ಪಾದರಸ ಅಲುಗಿದರೂ ಗುರುತಿಸುವ ಕಣ್ಣು. ಕಂಡಿದ್ದು ಮಾತ್ರ ಕಾಣಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಬೇರೆಯೇ ಮಾತು.

"ಎಕ್ಸ್‌ಚೇಂಜ್ ಕೆಲಸ ಬಿಟ್ರಲ್ಲ ಅತ್ತೆ, ನಾನು ಓದೋಕೆ ಹೋದಾಗ. ಆವಾಗ... ಕೊಟ್ಟಾಗಿತ್ತಾ?"

"ಫಾರಮ್ಮಿನಲ್ಲಿ ಅದನ್ನೂ ಕೇಳಿದ್ದಾರಾ?"

"ಇಲ್ಲ."

ಅತ್ತೆ ಮಿಕ್ಕ ಕಾರ್ಡುಗಳನ್ನು ಒಂದೊಂದಾಗಿ ಕೂಡಿಸತೊಡಗಿದರು, ಒಂದು ಕೈಯಿಂದ. ಇನ್ನೊಂದು ಕೈಯ ಬೆರಳು ದೀಪ ಹಿಡಿದವಳ ಮೇಲೇ ಇತ್ತು. "ಬಿಟ್ಟಿರಲಿಲ್ಲ," ಎಂದರು. "ರಜೆ ಮೇಲಿದ್ದೆ. ಸಂಬಳ ಇಲ್ಲದ ರಜೆ, ಎರಡು ವರ್ಷದ್ದು. ನನ್ನ ಕುರ್ಚಿ ಖಾಲಿ ಇಟ್ಟಿದ್ರು. ನೀನು ಓದು ಬಿಟ್ಟೆ ಅಂದಾಗ ಇನ್ನೂ ಒಂದು ತಿಂಗಳು ಉಳಿದಿತ್ತು. ಮನೇಲಿ ಇರ್ತೀಯೇನೋ, ಅತ್ತೆ ನೀವು ಹೋಗಿ ಅಂತೀಯೇನೋ ಅಂತ ನೋಡ್ದೆ. ನೀನು ಆ ವಾರವೇ ಥರ್ಮಾಮೀಟರ್ ಕೆಲಸಕ್ಕೆ ಸೇರಿದೆ. ಆಮೇಲೆ ರಾಜೀನಾಮೆ ಕಾಗದ ಬರ್ದು ಹಾಕ್ದೆ."

"ನೀವು ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಇಷ್ಟು ವರ್ಷ ಹೊತ್ತದ್ದು ಏನನ್ನು ಹಾಗಾದರೆ? ಕೊಡದೇ ಇದ್ದದ್ದನ್ನು ಕೊಟ್ಟರೆಂದು ತಿಳಿದು ಅದರ ಭಾರ ಹೊತ್ತಿದ್ದಳು, ಆ ಭಾರಕ್ಕೆ ಹೆದರಿ ಒಂದು ತಿಂಗಳೂ ಮನೆಯಲ್ಲಿ ನಿಲ್ಲದೆ ಕೆಲಸಕ್ಕೆ ಓಡಿದ್ದಳು. ಅವಳು ಓಡಿದ್ದರಿಂದಲೇ ಅವರು ಕೊಟ್ಟರು. ಯಾವುದು ಮೊದಲು, ಯಾವುದು ಆಮೇಲೆ? ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಅತ್ತೆಯ ಮುಖದಲ್ಲಿ ದೂರು ಇದೆಯೇ ಎಂದು ನೋಡಿದರೆ ಅವರು ಕಾರ್ಡುಗಳ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತಿದ್ದರು.

"ನಾಲ್ಕೂ ಇಪ್ಪತ್ತೈದು," ಎಂದರು ಅತ್ತೆ. "ಗಡಿಯಾರದವನು ಐದಕ್ಕೆ ಸರಿಯಾಗಿ ಬಾಗಿಲು ಎಳೀತಾನೆ. ಆ ವಿಷಯದಲ್ಲಿ ಮಾತ್ರ ಅವನು ಸರಿ, ಅಂಗಡಿ ಗಡಿಯಾರ ಒಂದೂ ಸರಿ ಇಲ್ಲ. ಬರಿ."

ಫಾರಂ ಬಿಡಿಸಿ, ನಡುವಿನ ಚೌಕದಲ್ಲಿ ಬರೆದಳು: ಕೊಟ್ಟಿದ್ದೆ ಎಂದರು. ಪೆನ್ನು ಎತ್ತಿದಳು. ಇಷ್ಟೇ ಸಾಕು. ಇದು ನಿಜ, ತೀರ್ಪೂ ಸರಿ, ಡಾಕ್ಟರು ಫೈನಲಿಗೆ ಹೋಗುತ್ತಾರೆ, ಕೈ ನಡುಗುವುದು ಈ ಅಡುಗೆಮನೆಯಿಂದ ಆಚೆ ಹೋಗುವುದಿಲ್ಲ. ಪೆನ್ನು, ಹನ್ನೊಂದು ವರ್ಷದ ಅಭ್ಯಾಸದಿಂದ, ತಾನೇ ಕೆಳಗಿಳಿಯಿತು. ಸಹಿಯ ಪಕ್ಕದಲ್ಲಿ ಬರೆದಳು: ಕೇಳಿದ್ದು ಗುರುವಾರ, ನಾಲ್ಕು ಗಂಟೆ ಹದಿನೈದು ನಿಮಿಷ.

ಅತ್ತೆ ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು. "ಇದೇನು, ವೇಳೆ ಯಾಕೆ?"

"ಯಾವಾಗ ಓದಿದ್ದು ಅಂತ ಹಾಕ್ಲೇಬೇಕು."

"ಯಾರಂದ್ರು?"

"ಯಾರೂ ಅಂದಿಲ್ಲ."

"ಭಾನುವಾರ ಕೇಳಿಲ್ಲ ಅಂತ ನೀನೇ ಒಪ್ಕೊಂಡ ಹಾಗಾಯ್ತು. ತೀರ್ಪು ಬಿದ್ದುಹೋಗುತ್ತೆ. ಪಂದ್ಯ ಮೊದಲಿನಿಂದ."

"ಹೌದು."

"ನಾನು ಸೋತಿದ್ದು ನಿಜ ಅಂತ ಈಗ ತಾನೆ ಬಾಯಾರೆ ಹೇಳಿದ್ನಲ್ಲೇ."

"ಅದೂ ನಿಜ ಅತ್ತೆ."

"ಅದೂ ನಿಜ, ಇದೂ ನಿಜ. ನಿಮ್ಮ ಲ್ಯಾಬಿನಲ್ಲಿ ಹೀಗೇನಾ ಕೆಲಸ ಮಾಡೋದು? ಪಾಪ, ಜ್ವರ ಬಂದೋರ ಗತಿ ಏನು!" ಎಂದರು ಅತ್ತೆ. ಬೈಗುಳವೋ ಹೊಗಳಿಕೆಯೋ, ಈ ಸಲವೂ ಅವಳಿಗೆ ಗೊತ್ತಾಗಲಿಲ್ಲ. "ಜನ ನಿನ್ನ ಮೇಲೆ ಆಡ್ಕೋತಾರೆ."

"ಆಡ್ಕೊಳ್ಲಿ."

"ನನ್ನ ಮೇಲೂ ಆಡ್ಕೋತಾರೆ. ಅದನ್ನ ಯೋಚನೆ ಮಾಡಿದ್ಯಾ?"

ಮಾಡಿರಲಿಲ್ಲ. ಅತ್ತೆಗಾಗಿ ಬರೆದಳೋ, ಅತ್ತೆಯನ್ನು ಮರೆತು ಬರೆದಳೋ? ತಿದ್ದಲು ಮತ್ತೆ ಪೆನ್ನು ಎತ್ತಿದಳು. ಅತ್ತೆ ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಚೀಲದೊಳಗೆ ತುರುಕಿದರು.

"ಅಲ್ಲಿ ಅಳಿಸೋ ಹಾಗಿಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ," ಎಂದರು. "ಇರ್ಲಿ. ಎರಡು ಬೀದಿ ದೂರ, ಹದಿನೈದು ನಿಮಿಷ ಸಾಕು. ಇನ್ನೂ ಹೊತ್ತಿದೆ, ಕೂತಿರು. ಭಾನುವಾರ ಆಡೋದೇ ಆದ್ರೆ ಕೈ ತೆಗ್ದೇ ಆಡ್ತೀನಿ. ಆ ಡಾಕ್ಟ್ರು ಬುದ್ಧಿ ಹೇಳಿದ್ರೆ ಹೇಳ್ಕೊಳ್ಲಿ. ಬಾಯಿ ತೆಗಿ ಅಂತ ಜನಕ್ಕೆ ಹೇಳೋನು ತನ್ನ ಬಾಯಿ ಮುಚ್ಚೋದು ಕಲೀಲಿ."

ದೀಪ ಹಿಡಿದವಳನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು, ಹೊಸದಾಗಿ ಅಂಚಿಗೆ ತಳ್ಳಿದರು. ಬೆರಳೆತ್ತಿದರು. ಈ ಸಲ ಕೆಳಗಿಡಲಿಲ್ಲ. ಕಿಟಕಿಯ ಬೆಳಕಿನಲ್ಲಿ ಕೈ ತನ್ನಷ್ಟಕ್ಕೆ ನಡುಗುತ್ತ ನಿಂತಿತು. ಅತ್ತೆ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು.

"ಥರ್ಮಾಮೀಟರಿನೋಳು ನೀನು. ಎಷ್ಟಿದೆ ಹೇಳು."

ಕೂತಲ್ಲಿಂದ ಅದು ಒಂದು ಥರ ಕಾಣುತ್ತಿತ್ತು. ಅವಳು ಮೇಜಿನ ಪಕ್ಕ ಮಂಡಿಯೂರಿ, ಗಲ್ಲವನ್ನು ಮರಕ್ಕೆ ಆನಿಸಿ, ಕಣ್ಣನ್ನು ಆ ಕೈಯ ಮಟ್ಟಕ್ಕೆ ತಂದಳು.